ತಿತಿಮತಿಯಾಚೆಯ ಸವನ್ನಾ

ಗೋಣಿಕೊಪ್ಪದಿಂದ ಹುಣಸೂರಿಗೆ ಹೊರಟ ಬಸ್ಸು ತಿತಿಮತಿ ದಾಟುತ್ತಿದ್ದಂತೆ ಕಾಫಿ ತೋಟಗಳ ಕಡುಹಸಿರು ಹಿಂದಾಗಿ ಆನೆಚೌಕೂರಿನ ಕಾಡು ಎದುರಾಗುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಈ ದಾರಿ ಹಿಡಿದವರ ಬಾಯಲ್ಲಿ ಕೇಳಿಬರುವ ಮಾತು ಒಂದೇ: ಕಾಡೆಲ್ಲ ಒಣಗಿಹೋಗಿದೆ. ಎಲೆ ಕಳಚಿ ನಿಂತ ಮತ್ತಿ, ದಿಂಡಿಗ, ನೆಲ್ಲಿ ಮರಗಳು, ಅವುಗಳ ಬುಡದಲ್ಲಿ ಮೊಣಕಾಲು ಮೀರಿದ ಹಳದಿ ಹುಲ್ಲು, ಅಲ್ಲೊಂದು ಇಲ್ಲೊಂದು ಮುತ್ತುಗದ ಕೆಂಪು. ಭಾಗಮಂಡಲ, ತಲಕಾವೇರಿಯ ಕಡೆಯ ಮಳೆಕಾಡನ್ನೇ ಕಾಡಿನ ಅಳತೆಗೋಲು ಮಾಡಿಕೊಂಡ ಕಣ್ಣಿಗೆ ಇದು ಸೊರಗಿದ ಕಾಡಿನಂತೆ ಕಾಣುವುದು ಸಹಜ. ಯಾರೋ ಕಡಿದರು, ಸುಟ್ಟರು, ದನ ಮೇಯಿಸಿದರು, ಅದಕ್ಕೇ ಹೀಗಾಯಿತು; ಸುಮ್ಮನೆ ಬಿಟ್ಟರೆ ಮತ್ತೆ ದಟ್ಟವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ನಂಬಿಕೆ ಬಹುಮಟ್ಟಿಗೆ ತಪ್ಪು ಎಂದು ಹೇಳಲು ಇಂದು ಸಾಕಷ್ಟು ಆಧಾರಗಳಿವೆ. ಕೊಡಗಿನ ಪೂರ್ವದಂಚಿನ ಈ ಭಾಗ ಒಂದು ಸವನ್ನಾ. ಹಾಗೆಂದು ಗುರುತಿಸಿದ ಮೇಲೆ ಅಲ್ಲಿನ ಪ್ರಾಣಿಗಳು ಎಲ್ಲಿ, ಯಾವಾಗ, ಏಕೆ ಕಾಣಿಸುತ್ತವೆ ಎಂಬುದೂ ಅರ್ಥವಾಗತೊಡಗುತ್ತದೆ.

ಸವನ್ನಾ ಎಂದ ಕೂಡಲೇ ಮನಸ್ಸಿಗೆ ಬರುವುದು ಟಾಂಜಾನಿಯಾದ ಸೆರೆಂಗೆಟಿ, ಕೊಡೆಯಂಥ ಅಕೇಶಿಯಾ ಮರಗಳು, ಹತ್ತು ಲಕ್ಷಕ್ಕೂ ಮಿಕ್ಕಿದ ವಿಲ್ಡೆಬೀಸ್ಟ್‌ಗಳ ವಲಸೆ. ಆದರೆ ಪರಿಸರ ವಿಜ್ಞಾನಿಗಳು ಸವನ್ನಾವನ್ನು ಖಂಡದಿಂದಾಗಲಿ ಮರಗಳ ನಡುವಿನ ಅಂತರದಿಂದಾಗಲಿ ಗುರುತಿಸುವುದಿಲ್ಲ. ಅವರು ಮೊದಲು ನೋಡುವುದು ನೆಲವನ್ನು. ನೆಲದ ಮೇಲೆ ಬಿಸಿಲು ಬೇಡುವ ಹುಲ್ಲಿನ ಹಾಸು ಅಖಂಡವಾಗಿದೆಯೇ? ಮೇಲಿನ ಮರಗಳಿಗೆ ಬೆಂಕಿಯನ್ನೂ ಮೇವಿನ ಪ್ರಾಣಿಗಳನ್ನೂ ತಾಳಿಕೊಳ್ಳುವ ಗುಣವಿದೆಯೇ? ಎರಡಕ್ಕೂ ಹೌದು ಎಂದರೆ, ಮರಗಳು ಎಷ್ಟು ಒತ್ತಾಗಿ ಕಂಡರೂ ಅದು ಸವನ್ನಾದ ಒಂದು ಬಗೆ. 2011ರಲ್ಲಿ ಜಯಶ್ರೀ ರತ್ನಂ ಮತ್ತು ಸಹೋದ್ಯೋಗಿಗಳು ಈ ವಾದವನ್ನು ಸ್ಪಷ್ಟವಾಗಿ ಮಂಡಿಸಿದರು: ಭಾರತದಲ್ಲಿ ‘ಎಲೆ ಉದುರುವ ಕಾಡು’ ಎಂದು ಕರೆಸಿಕೊಳ್ಳುವ ಪ್ರದೇಶಗಳಲ್ಲಿ ಅನೇಕವು ಕೆಲಸ ಮಾಡುವ ಬಗೆಯಲ್ಲಿ ಸವನ್ನಾಗಳೇ. ನಾವು ಇಂದಿಗೂ ಬಳಸುವ ಕಾಡಿನ ವರ್ಗೀಕರಣ ಬ್ರಿಟಿಷ್ ಕಾಲದ ಅರಣ್ಯಾಧಿಕಾರಿಗಳಿಂದ ಬಂದದ್ದು. ಅವರ ಕಣ್ಣು ನಾಟಾದ ಮೇಲಿತ್ತು. ತೇಗ, ಬೀಟೆ, ಹೊನ್ನೆ ಲೆಕ್ಕಕ್ಕೆ ಬಂದವು, ಹುಲ್ಲು ಬರಲಿಲ್ಲ.

ಕೊಡಗಿನ ಭೂಗೋಳ ಇದನ್ನು ಕಲಿಯಲು ಹೇಳಿ ಮಾಡಿಸಿದಂತಿದೆ. ಸುಮಾರು 4,100 ಚದರ ಕಿಲೋಮೀಟರಿನ ಈ ಪುಟ್ಟ ಜಿಲ್ಲೆಯಲ್ಲಿ ಪಶ್ಚಿಮದ ಬೆಟ್ಟಸಾಲು ಮುಂಗಾರಿನ ಮೋಡವನ್ನು ತಡೆದು ಹಿಂಡುತ್ತದೆ. ಭಾಗಮಂಡಲದ ಸುತ್ತ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಕುಶಾಲನಗರಕ್ಕೆ ಬರುವಷ್ಟರಲ್ಲಿ ಅದು 1,000 ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಮುಂಗಾರು ಜೋರಾಗಿರುವ ಕಕ್ಕಡ ಮಾಸದಲ್ಲಿ ಒಂದು ತುದಿಯಲ್ಲಿ ಹೊರಗೆ ಕಾಲಿಡಲಾಗದಂಥ ಮಳೆ ಹೊಯ್ಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ರೈತರು ಆಕಾಶ ನೋಡುತ್ತಿರುವುದುಂಟು. ಕುಟ್ಟ, ಬಾಳೆಲೆ, ತಿತಿಮತಿಗಳ ಪೂರ್ವಕ್ಕೆ ಚಾಚಿಕೊಂಡಿರುವ ನಾಗರಹೊಳೆ ಇರುವುದು ಈ ಇಳಿಜಾರಿನ ನಡುವಿನಿಂದ ಒಣ ತುದಿಯವರೆಗೆ. ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಹಂಚಿಹೋದ ಸುಮಾರು 643 ಚದರ ಕಿಲೋಮೀಟರಿನ ಈ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಭಾಗದಲ್ಲಿ ನಂದಿ, ತೇಗ, ಬೀಟೆಗಳ ಎತ್ತರದ ಕಾಡಿದೆ. ಪೂರ್ವಕ್ಕೆ ಸರಿದಂತೆ ಮರಗಳು ಗಿಡ್ಡವಾಗುತ್ತವೆ, ದಿಂಡಿಗ, ನೆಲ್ಲಿ, ಕಕ್ಕೆ ಹೆಚ್ಚುತ್ತವೆ, ನೆಲದಲ್ಲಿ ಹುಲ್ಲು ಹರಡಿಕೊಳ್ಳುತ್ತದೆ.

ಹಾಗಾದರೆ ಮಳೆ ಕಡಿಮೆಯಾದಲ್ಲಿ ಹುಲ್ಲು, ಹೆಚ್ಚಾದಲ್ಲಿ ಮರ ಎಂದು ಹೇಳಿ ಮುಗಿಸಬಹುದೇ? ವಿಷಯ ಅಷ್ಟು ಸರಳವಾಗಿಲ್ಲ, ಸ್ವಾರಸ್ಯ ಇರುವುದೂ ಅಲ್ಲೇ. ಮಹೇಶ್ ಶಂಕರನ್ ಮತ್ತು ಅವರ ಜೊತೆಗಾರರು ಆಫ್ರಿಕಾದ 854 ತಾಣಗಳ ಮಾಹಿತಿಯನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವೆಡೆ ನೀರಿನ ಕೊರತೆಯೇ ಮರಗಳಿಗೆ ಮಿತಿ ಹಾಕುತ್ತದೆ. ಅದಕ್ಕಿಂತ ಹೆಚ್ಚು ಮಳೆಯಿದ್ದರೆ ಮರಗಳು ಕೊಂಬೆಗೆ ಕೊಂಬೆ ತಾಗಿಸಿ ನೆಲವನ್ನೆಲ್ಲ ಮುಚ್ಚಿಬಿಡಬಲ್ಲವು. ಆದರೂ ಅನೇಕ ಕಡೆ ಮುಚ್ಚುವುದಿಲ್ಲ, ಏಕೆಂದರೆ ಬೆಂಕಿ ಮತ್ತು ಮೇವಿನ ಪ್ರಾಣಿಗಳು ಎಳೆಯ ಗಿಡಗಳನ್ನು ಮತ್ತೆ ಮತ್ತೆ ಕೆಳಗಿಳಿಸುತ್ತವೆ. ಮಳೆ 1,000ದಿಂದ 2,500 ಮಿಲಿಮೀಟರ್ ಇರುವ ಪ್ರದೇಶಗಳಲ್ಲಿ ಮುಚ್ಚಿದ ಕಾಡು, ತೆರೆದ ಸವನ್ನಾ ಎರಡೂ ಸಾಧ್ಯ. ಯಾವುದು ನಿಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ಬೆಂಕಿಯ ಇತಿಹಾಸ ತೀರ್ಮಾನಿಸುತ್ತದೆ ಎಂದು 2011ರ ಇನ್ನೊಂದು ಜಾಗತಿಕ ಅಧ್ಯಯನ ತೋರಿಸಿತು. ನಾಗರಹೊಳೆಯ ಬಹುಭಾಗ ಎರಡೂ ಸಾಧ್ಯವಿರುವ ಈ ವಲಯದಲ್ಲೇ ಬರುತ್ತದೆ. ಇಲ್ಲಿ ಹುಲ್ಲು ಉಳಿದಿರುವುದು ಮಳೆ ಸಾಲದೆ ಅಲ್ಲ, ಹುಲ್ಲನ್ನು ಕಾಯುವ ಶಕ್ತಿಗಳು ಕೆಲಸ ಮಾಡುತ್ತಿರುವುದರಿಂದ.

ಈ ಹುಲ್ಲು ಎಂಥದ್ದು ಎಂದು ಸ್ವಲ್ಪ ನೋಡಬೇಕು. ಬತ್ತ, ಕಾಫಿ ಮತ್ತು ಹೆಚ್ಚುಕಡಿಮೆ ನಮ್ಮ ಎಲ್ಲ ಮರಗಳು ಗಾಳಿಯ ಇಂಗಾಲವನ್ನು ಹಿಡಿಯುವುದು ಒಂದು ಹಳೆಯ ವಿಧಾನದಲ್ಲಿ. ಸವನ್ನಾದ ಹುಲ್ಲುಗಳದು ಸಿ4 ಎಂಬ ಬೇರೆ ವಿಧಾನ. ಜೋಳ, ರಾಗಿ, ಕಬ್ಬು ಅದೇ ಬಳಗದವು. ಗರಿಕೆ, ದರ್ಭೆ ಕೂಡ. ಸಿ4 ಸಸ್ಯ ಎಲೆಯೊಳಗೆ ಇಂಗಾಲವನ್ನು ಮೊದಲು ಒಂದೆಡೆ ಒಟ್ಟುಮಾಡಿ ಆಮೇಲೆ ಬಳಸುತ್ತದೆ. ಉರಿಬಿಸಿಲಿನಲ್ಲಿ, ಕಡಿಮೆ ನೀರಿನಲ್ಲಿ ಇದು ಅದ್ಭುತವಾಗಿ ನಡೆಯುತ್ತದೆ. ನೆರಳಿನಲ್ಲಿ ಮಾತ್ರ ನಡೆಯುವುದಿಲ್ಲ. ಹಿಮಾಲಯದ ತಪ್ಪಲಿನ ಹಳೆಯ ಮಣ್ಣು ಮತ್ತು ಪ್ರಾಣಿಗಳ ಹಲ್ಲಿನ ಪಳೆಯುಳಿಕೆಗಳಲ್ಲಿರುವ ಇಂಗಾಲದ ಗುರುತು ಹೇಳುವಂತೆ, ಸುಮಾರು 70-80 ಲಕ್ಷ ವರ್ಷಗಳ ಹಿಂದೆಯೇ ಸಿ4 ಹುಲ್ಲುಗಳು ಅಲ್ಲಿ ಹರಡಿದ್ದವು. ಮನುಷ್ಯ ಕೊಡಲಿ ಹಿಡಿಯುವುದಕ್ಕೆ ಬಹಳ ಮೊದಲು. ಭಾರತದ ಹುಲ್ಲುಗಾಡುಗಳೆಲ್ಲ ನಾವು ಕಾಡು ಕಡಿದುದರ ಫಲ ಎಂಬ ಮಾತು ನಿಲ್ಲದಿರುವುದು ಇದೇ ಕಾರಣಕ್ಕೆ.

ಹುಲ್ಲಿಗೆ ಇನ್ನೊಂದು ವರವಿದೆ. ಮರದ ಬೆಳವಣಿಗೆಯ ಬಿಂದು ಕೊಂಬೆಯ ತುದಿಯಲ್ಲಿದ್ದರೆ ಹುಲ್ಲಿನದು ಬುಡದಲ್ಲಿ, ಮಣ್ಣಿಗೆ ತಾಗಿಕೊಂಡಂತೆ ಇರುತ್ತದೆ. ಕಾಟಿ (ಕಾಡುಕೋಣ) ಮೇಯ್ದರೂ ಬೆಂಕಿ ಸುಟ್ಟರೂ ಹೋಗುವುದು ಎಲೆ ಮಾತ್ರ. ಮಣ್ಣು ಶಾಖವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದ ಕಾರಣ ಕೆಲವೇ ಸೆಂಟಿಮೀಟರ್ ಕೆಳಗೆ ಬೇರು ಸುರಕ್ಷಿತವಾಗಿರುತ್ತದೆ.

ಇಂಥ ನೆಲದಲ್ಲಿ ಮರವಾಗಿ ಬದುಕುವುದು ಸುಲಭದ ಮಾತಲ್ಲ. ಮತ್ತಿ, ಕವಲು ಮರಗಳ ತೊಗಟೆಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಬೇಕು: ದಪ್ಪ, ಒರಟು, ಆಳವಾದ ಬಿರುಕುಗಳು. ನೆಲದ ಬೆಂಕಿ ಹಾದುಹೋಗುವ ಆ ಕೆಲವು ನಿಮಿಷ ಒಳಗಿನ ಜೀವಂತ ಪದರವನ್ನು ಕಾಯಲು ಈ ಕವಚ ಸಾಕು. ಆದರೆ ಎಳೆಯ ಸಸಿಗೆ ಅಷ್ಟು ದಪ್ಪ ತೊಗಟೆ ಎಲ್ಲಿಂದ ಬರಬೇಕು? ಅದು ಸುಟ್ಟುಹೋಗುತ್ತದೆ, ಅಥವಾ ಚಿತ್ತಲ ಎಂಬ ಜಿಂಕೆ ಅದನ್ನು ಚಿವುಟುತ್ತದೆ. ಹಳೆಯ ಕಾಫಿ ಗಿಡವನ್ನು ಬುಡದವರೆಗೆ ಕಡಿದಾಗ ಬುಡದಿಂದಲೇ ಹೊಸ ಚಿಗುರು ನುಗ್ಗಿ ಬರುವಂತೆ, ಈ ಸಸಿಯೂ ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಮತ್ತೆ ಏಳುತ್ತದೆ. ಮುಂದಿನ ವರ್ಷ ಮತ್ತೆ ಸುಡುತ್ತದೆ, ಮತ್ತೆ ಏಳುತ್ತದೆ. ಮೇಲೆ ಒಂದು ಅಡಿಯ ಕಡ್ಡಿಯಂತೆ ಕಾಣುವ ಗಿಡದ ಬೇರು ಅನೇಕ ವರ್ಷ ಹಳೆಯದಾಗಿರಬಹುದು. ಸತತವಾಗಿ ಕೆಲವು ವರ್ಷ ಬೆಂಕಿ ತಪ್ಪಿದರೆ ಅದು ಸರಸರನೆ ಜ್ವಾಲೆಯ ಎತ್ತರವನ್ನು ದಾಟಿ ಮೇಲೇರುತ್ತದೆ. ಅಲ್ಲಿಂದ ಮುಂದೆ ಅದು ಮರ. ಸಫಾರಿ ಜೀಪಿನಿಂದ ಕಾಣುವ ಒಂದೊಂದು ನೆಲ್ಲಿ ಮರವೂ ಹೀಗೆ ಸೋತು ಗೆದ್ದು ಬಂದದ್ದು. ಇದನ್ನು ತಿಳಿದ ಮೇಲೆ ಸುಟ್ಟ ನೆಲದ ಪುಟ್ಟ ಚಿಗುರುಗಳನ್ನು ನಾನು ಹುಲಿಯಷ್ಟೇ ಆಸಕ್ತಿಯಿಂದ ನೋಡುತ್ತೇನೆ.

ಮರ-ಹುಲ್ಲಿನ ಈ ಹೊಂದಾಣಿಕೆಯ ನಡುವೆ ಕೊಡಗಿನವರಿಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದು ಭೂದೃಶ್ಯವಿದೆ: ಹಡ್ಲು. ಎರಡು ದಿಣ್ಣೆಗಳ ನಡುವಿನ ಅಗಲವಾದ, ತಗ್ಗಾದ, ಜೌಗು ಬಯಲು. ಊರಿನಲ್ಲಾದರೆ ಇಂಥ ತಗ್ಗು ಗದ್ದೆಯಾಗುತ್ತದೆ, ಪಾಳು ಬಿಟ್ಟರೆ ಹಡ್ಲಾಗುತ್ತದೆ. ನಾಗರಹೊಳೆಯ ಒಳಗೆ ಇವು ಕಾಡಿನ ಮಧ್ಯೆ ಹರಡಿಟ್ಟ ಹುಲ್ಲುಗಂಬಳಿಗಳು. ದಿಣ್ಣೆಗಳಿಂದ ಕೊಚ್ಚಿ ಬಂದ ಜೇಡಿ ಮತ್ತು ಪೋಷಕಾಂಶ ಇಲ್ಲಿ ನಿಲ್ಲುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೀರು ನಿಂತು ಮಣ್ಣಿನಲ್ಲಿ ಗಾಳಿಯಾಡದೆ ಬಹುತೇಕ ಮರಗಳ ಬೇರು ಉಸಿರುಗಟ್ಟುತ್ತದೆ. ಅದೇ ಜೇಡಿ ಬೇಸಿಗೆಯಲ್ಲಿ ಬಿರುಕುಬಿಟ್ಟು ಗಟ್ಟಿಯಾಗುತ್ತದೆ. ಎರಡನ್ನೂ ತಾಳುವ ಮರ ಅಪರೂಪ, ಹುಲ್ಲಿಗೆ ಅದು ಕಷ್ಟವಲ್ಲ. ಆದ್ದರಿಂದ ಬೆಂಕಿಯ ಹಂಗಿಲ್ಲದೆಯೂ ಹಡ್ಲು ತೆರೆದೇ ಇರುತ್ತದೆ. ಮುಖ್ಯವಾದ ಸಂಗತಿಯೆಂದರೆ, ದಿಣ್ಣೆಯ ಹುಲ್ಲು ಜನವರಿಯಲ್ಲೇ ಒಣಗಿ ರಸ ಕಳೆದುಕೊಂಡರೂ ಹಡ್ಲಿನ ತೇವ ಉಳಿದಿರುತ್ತದೆ, ಅಲ್ಲಿ ಹಸಿರು ಎಳೆ ಸಿಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಪ್ರಾಣಿ ನೋಡಬೇಕೆಂದರೆ ಹಡ್ಲಿನ ಅಂಚಿನಲ್ಲಿ ಕಾಯಬೇಕು ಎಂದು ಅರಣ್ಯ ಕಾವಲುಗಾರರು ಹೇಳುವುದರ ಹಿಂದಿನ ಲೆಕ್ಕ ಇದು.

ಹಡ್ಲಿನಲ್ಲಿ ಮೊದಲು ಕಾಣುವುದು ಚಿತ್ತಲದ ಹಿಂಡು. ಚುಕ್ಕೆ ಜಿಂಕೆ ಎಂದು ನಾವೆಲ್ಲ ಕರೆಯುವ ಈ ಪ್ರಾಣಿ ಎಳೆ ಹುಲ್ಲಿದ್ದಾಗ ಹುಲ್ಲು, ಅದು ಒಣಗಿದಾಗ ಚಿಗುರು, ಉದುರಿದ ಹಣ್ಣು, ಹೂವು ತಿನ್ನುತ್ತದೆ. ಬಯಲಿನಲ್ಲಿ ಮೇಯುವ ಪ್ರಾಣಿಗೆ ಅಡಗಿಕೊಳ್ಳಲು ಜಾಗವಿಲ್ಲ, ಹಾಗಾಗಿ ಅದು ಗುಂಪಿನ ಕಣ್ಣುಗಳನ್ನು ನೆಚ್ಚಿಕೊಂಡಿದೆ. ಅಂಚಿನ ಮರದ ಮೇಲೆ ಮುಸುವಗಳಿದ್ದರೆ ಇನ್ನೂ ಒಳ್ಳೆಯದು: ಅವು ಅರ್ಧ ತಿಂದು ಬೀಳಿಸುವ ಎಲೆ, ಕಾಯಿಗಳು ಚಿತ್ತಲಕ್ಕೆ ಆಹಾರ, ಮೇಲಿನಿಂದ ಹುಲಿಯನ್ನು ಕಂಡು ಕೂಗುವ ಎಚ್ಚರಿಕೆ ಅದಕ್ಕೆ ರಕ್ಷಣೆ. ನೆಲ್ಲಿಕಾಯಿಯನ್ನು ನುಂಗಿದ ಚಿತ್ತಲ ಆಮೇಲೆ ಎಲ್ಲೋ ಮಲಗಿ ಮೆಲುಕು ಹಾಕುವಾಗ ಬೀಜವನ್ನು ಉಗುಳುತ್ತದೆ. ನೆಲ್ಲಿ ಹೊಸ ಜಾಗ ಸೇರುವ ದಾರಿಗಳಲ್ಲಿ ಅದೊಂದು. ಕಕ್ಕೆಯ ಉದ್ದನೆಯ ಕಾಯನ್ನು ಒಡೆದು ತಿರುಳು ತಿನ್ನುವ ಕರಡಿಯೂ ಇದೇ ಕೆಲಸ ಮಾಡುತ್ತದೆ.

ಕಾಟಿ ಬೇರೆಯೇ ಗಾತ್ರದ ಲೆಕ್ಕ. ದೊಡ್ಡ ಗಂಡು ಒಂದು ಟನ್ ತೂಕದ ಹತ್ತಿರಕ್ಕೆ ಬೆಳೆಯಬಲ್ಲದು. ನಾಲ್ಕು ಕೋಣೆಗಳ ದೊಡ್ಡ ಹೊಟ್ಟೆಯಲ್ಲಿ ಮೇವನ್ನು ದೀರ್ಘ ಕಾಲ ಹುದುಗಿಸಿಕೊಳ್ಳುವ ಅನುಕೂಲವಿರುವುದರಿಂದ ಚಿತ್ತಲ ಮೂಸಿ ಬಿಡುವ ಒರಟು ಹುಲ್ಲಿನಿಂದಲೂ ಅದು ಬದುಕು ತೆಗೆಯುತ್ತದೆ. ಆನೆಗೆ ಮೆಲುಕು ಇಲ್ಲ. ಅದು ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ತಿಂದು, ಅದರಲ್ಲಿ ಅರ್ಧವನ್ನೂ ಜೀರ್ಣಿಸಿಕೊಳ್ಳದೆ ಹೊರಹಾಕುತ್ತದೆ. ಗುಣಮಟ್ಟದ ಕೊರತೆಯನ್ನು ಪ್ರಮಾಣದಿಂದ ತುಂಬಿಕೊಳ್ಳುವ ದಾರಿ ಅದರದು. ದಕ್ಷಿಣ ಭಾರತದ ಆನೆಗಳನ್ನು 1980ರ ದಶಕದಿಂದ ಅಧ್ಯಯನ ಮಾಡಿದ ರಾಮನ್ ಸುಕುಮಾರ್ ತೋರಿಸಿದಂತೆ, ಮಳೆ ಬಂದು ಹುಲ್ಲು ಎಳೆಯದಾಗಿರುವಾಗ ಆನೆ ಹುಲ್ಲಿಗೆ ಬಾಯಿ ಹಾಕುತ್ತದೆ. ಹುಲ್ಲು ಬಲಿತು ಪ್ರೋಟೀನ್ ಕುಸಿದಾಗ ಎಲೆ, ತೊಗಟೆ, ಬಿದಿರಿನ ಕಡೆ ಹೊರಳುತ್ತದೆ. ಕಡವೆ ಮರದ ನೆರಳು ಬಿಟ್ಟು ಹಗಲು ಹೊರಬರುವುದು ಕಡಿಮೆ. ಕಾಡುಕುರಿ ಒಂಟಿಯಾಗಿ ಪೊದೆಯಂಚಿನಲ್ಲಿ ಹಣ್ಣು, ಚಿಗುರು ಆಯುತ್ತದೆ. ನಾಲ್ಕು ಕೊಂಬಿನ ಕೊಂಡುಕುರಿ ಕಾಣಬೇಕಾದರೆ ಪೂರ್ವದ ಒಣ ಭಾಗಕ್ಕೇ ಹೋಗಬೇಕು, ಅದೃಷ್ಟವೂ ಬೇಕು. ರಾಣೆಬೆನ್ನೂರಿನ ಬಯಲಿನಲ್ಲಿ ಕುಣಿಯುವ ಕೃಷ್ಣಮೃಗ ಇಲ್ಲಿಲ್ಲ, ಅದಕ್ಕೆ ಇನ್ನೂ ಒಣ, ಇನ್ನೂ ತೆರೆದ ನೆಲ ಬೇಕು.

ಒಂದೇ ಕಾಡಿನಲ್ಲಿ ಇಷ್ಟು ಬಗೆಯ, ಇಷ್ಟು ಗಾತ್ರಗಳ ಮೇವಿನ ಪ್ರಾಣಿಗಳು ಇರುವುದರಿಂದಲೇ ಇಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಒಟ್ಟಿಗೆ ಬಾಳುತ್ತಿವೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1986ರಿಂದ ನಡೆಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಯಿತು. ಹುಲಿ 176 ಕಿಲೋಗಿಂತ ದೊಡ್ಡ ಬೇಟೆಯ ಕಡೆ, ಅಂದರೆ ಕಾಟಿ, ಕಡವೆಗಳ ಕಡೆ ಒಲಿಯುತ್ತದೆ. ಚಿರತೆಯೂ ಸೀಳುನಾಯಿಯೂ 30ರಿಂದ 175 ಕಿಲೋ ನಡುವಿನ ಪ್ರಾಣಿಗಳನ್ನು ಆರಿಸಿಕೊಳ್ಳುತ್ತವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು, ಆ ಬೇಟೆ ವರ್ಷವರ್ಷವೂ ಸಿಗಬೇಕಾದರೆ ಅಲ್ಲಿ ಸುಮಾರು 500 ಪ್ರಾಣಿಗಳಿರಬೇಕು ಎಂಬುದು ಕಾರಂತರು ಮತ್ತು ಸಂಗಡಿಗರ ಅಂದಾಜು. ಆ ಐನೂರರ ಹೊಟ್ಟೆಯ ದೊಡ್ಡ ಪಾಲನ್ನು ತುಂಬಿಸುವುದು ಹುಲ್ಲು ಮತ್ತು ನೆಲಮಟ್ಟದ ಚಿಗುರು. ಮರಗಳು ಮೇಲೆ ಮುಚ್ಚಿಕೊಂಡ ಮಳೆಕಾಡಿನಲ್ಲಿ ಎಲೆಯೆಲ್ಲ ಮೂವತ್ತು ಮೀಟರ್ ಎತ್ತರದಲ್ಲಿರುತ್ತದೆ, ಗೊರಸಿನ ಪ್ರಾಣಿಗೆ ಎಟುಕುವುದಿಲ್ಲ. ಪಶ್ಚಿಮದ ದಟ್ಟ ಕಾಡಿಗಿಂತ ಈ ‘ಒಣಗಿದ’ ಕಾಡಿನಲ್ಲಿ ಹುಲಿ ಹೆಚ್ಚಿರುವುದಕ್ಕೆ ಇದೇ ಮುಖ್ಯ ಕಾರಣ. ಹುಲಿಯನ್ನು ಪ್ರೀತಿಸುವವರು ಹುಲ್ಲಿನ ಬಗ್ಗೆ ಇಷ್ಟು ಕಡಿಮೆ ಮಾತನಾಡುವುದು ನನಗೆ ಯಾವಾಗಲೂ ನೋವಿನ ಸಂಗತಿ.

ಕುಟ್ಟದ ಬಳಿಯ ನಾಣಚ್ಚಿ ಗೇಟಿನಿಂದ ಒಳಗೆ ಹೋಗುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: ಪ್ರಾಣಿ ಕಂಡಾಗ ಅದರ ಕಾಲಡಿಯ ಹುಲ್ಲಿನ ಎತ್ತರವನ್ನು ಬರೆದುಕೊಳ್ಳಿ. ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಮೊದಲು ಹೋದರೆ ಹುಲ್ಲು ಎತ್ತರ, ನೀರು ಎಲ್ಲೆಲ್ಲೂ, ಪ್ರಾಣಿಗಳು ಚದುರಿರುತ್ತವೆ. ಬರಿಗೈಲಿ ಬಂದೆವು ಎಂದು ಬೇಸರಿಸುವವರು ಆಗಲೇ ಹೆಚ್ಚು. ಫೆಬ್ರುವರಿಯಿಂದ ನೀರು ಕೆರೆ, ಹೊಳೆಗಳಿಗೆ ಸೀಮಿತವಾಗುತ್ತದೆ, ಹಸಿರು ಹಡ್ಲಿಗೆ ಸೀಮಿತವಾಗುತ್ತದೆ, ಪ್ರಾಣಿಗಳೂ ಅಲ್ಲೇ ಸೇರುತ್ತವೆ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮ ತೋಟಗಳಲ್ಲಿ ಕಾಫಿ ಅರಳಿಸುವ ಹೂಮಳೆಯೇ ಕಾಡಿನಲ್ಲಿ ಹುಲ್ಲಿನ ಮೊಳಕೆಯನ್ನು ಎಬ್ಬಿಸುತ್ತದೆ. ಆ ಮಳೆ ಬಿದ್ದು ವಾರ ಕಳೆಯುವುದರೊಳಗೆ ಚಿತ್ತಲಗಳು ಹಡ್ಲು ಬಿಟ್ಟು ದಿಣ್ಣೆ ಏರುವುದನ್ನು ನೋಡಬಹುದು. ಪದೇ ಪದೇ ಮೇಯ್ದ ಜಾಗದಲ್ಲಿ ಹುಲ್ಲು ನೆಲಕ್ಕೆ ಹಬ್ಬಿ ಗಿಡ್ಡವಾಗಿ, ಸದಾ ಎಳೆಯದಾಗಿ ಉಳಿಯುತ್ತದೆ. ಎಳೆಯದಾದ್ದರಿಂದ ಮತ್ತೆ ಅಲ್ಲೇ ಮೇಯುತ್ತವೆ. ಮೇಯುವ ಪ್ರಾಣಿಗಳು ತಮ್ಮ ಹುಲ್ಲುಗಾವಲನ್ನು ತಾವೇ ಮಾಡಿಕೊಳ್ಳುವ ಬಗೆ ಇದು.

ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿಗಳ ನೆತ್ತಿಯ ಹುಲ್ಲು ಬೇರೆ ಕಥೆ. ಅಲ್ಲಿ ಮಳೆ ವಿಪರೀತ, ಮಣ್ಣು ತೆಳು, ಗಾಳಿ ಬಿರುಸು. ಕಣಿವೆಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು, ಬೆನ್ನಿನ ಮೇಲೆ ಹುಲ್ಲು. ಅವೂ ಹೊಸತಲ್ಲ. ಇಂಥದೇ ನೀಲಗಿರಿಯ ಬೆಟ್ಟಗಳ ಜೌಗುಮಣ್ಣಿನಲ್ಲಿ 20,000 ವರ್ಷಗಳ ಹುಲ್ಲಿನ ದಾಖಲೆ ಸಿಕ್ಕಿದೆ. ಕೊಡಗಿನ ಈ ನೆತ್ತಿಗಳಿಗೂ ನಾಗರಹೊಳೆಗೂ ನಡುವಿನ ಊರುಗಳಲ್ಲಿ ಗದ್ದೆಗೆ ಹೊಂದಿಕೊಂಡಂತೆ ದನದ ಮೇವು, ಸೊಪ್ಪು, ಸೌದೆಗೆಂದು ಬಿಟ್ಟಿದ್ದ ಬಾಣೆಗಳಲ್ಲಿ ಹೆಚ್ಚಿನವು ಈಗ ಕಾಫಿ ತೋಟಗಳಾಗಿವೆ. ಕೊಡಗಿನಲ್ಲಿ ಹುಲ್ಲಿಗೆ ಉಳಿದಿರುವ ನೆಲ ಕಡಿಮೆ.

ಉಳಿದ ನೆಲದಲ್ಲೂ ಹುಲ್ಲು ಸೋಲುತ್ತಿದೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಚೆಂದದ ಹೂವಿಗಾಗಿ ಕೊಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದ ಲಂಟಾನ ಇಂದು ನಾಗರಹೊಳೆ, ಬಂಡೀಪುರಗಳ ತುಂಬ ಪೊದೆಗಟ್ಟಿದೆ. ಅದರ ಎಲೆ ವಿಷಯುಕ್ತ, ಮೇಯುವ ಪ್ರಾಣಿಗಳು ಮುಟ್ಟುವುದಿಲ್ಲ. ಹಣ್ಣನ್ನು ಪಿಕಳಾರಗಳು ತಿಂದು ದೂರ ದೂರ ಒಯ್ಯುತ್ತವೆ. ಅದರ ನೆರಳಿನಲ್ಲಿ ಸಿ4 ಹುಲ್ಲು ಸಾಯುತ್ತದೆ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕಾ ಮೂಲದ ಮರವೂ ಅದರ ಹಿಂದೆಯೇ ಹಬ್ಬುತ್ತಿದೆ. ಬೆಂಕಿಯ ವಿಷಯವಂತೂ ಇದರಿಂದ ಪೂರ್ತಿ ಗೋಜಲಾಗಿದೆ. ಹುಲ್ಲಿನ ಬೆಂಕಿ ನೆಲಮಟ್ಟದಲ್ಲಿ ಬೇಗ ಹಾದುಹೋಗುತ್ತದೆ. ಒಣ ಲಂಟಾನದ ಬೆಂಕಿ ಎತ್ತರಕ್ಕೇರಿ, ಹೆಚ್ಚು ಹೊತ್ತು ಉರಿದು, ದಪ್ಪ ತೊಗಟೆಯ ಮರವನ್ನೂ ಕೊಲ್ಲಬಲ್ಲದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ಸಣ್ಣದಾಗಿ ಹಚ್ಚುತ್ತಿದ್ದ ‘ತರಗು ಬೆಂಕಿ’ ನಿಂತದ್ದೇ ಲಂಟಾನ ಹಬ್ಬಲು ಒಂದು ಕಾರಣ ಎಂಬುದು ಅವರ ಹಿರಿಯರ ಮಾತು. ಸಂಶೋಧಕರು ಅದನ್ನು ಗಂಭೀರವಾಗಿ ದಾಖಲಿಸಿದ್ದಾರೆ. ನಾಗರಹೊಳೆಯ ಹಾಡಿಗಳ (ಆದಿವಾಸಿ ನೆಲೆಗಳ) ಜೇನುಕುರುಬ, ಬೆಟ್ಟಕುರುಬ, ಯರವ ಹಿರಿಯರ ತಿಳಿವಳಿಕೆಗೂ ಅದೇ ಗೌರವ ಸಿಗಬೇಕು. ಹಾಗೆಂದು ಇಂದು ಯಾರೂ ಕಾಡಿಗೆ ಬೆಂಕಿ ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಲಂಟಾನ ತುಂಬಿದ ಕಾಡಿನಲ್ಲಿ ಅಪಾಯ ಕೂಡ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೇಗೆ ಉರಿಯಿತು ಎಂಬುದನ್ನು ನಾವೆಲ್ಲ ನೋಡಿದ್ದೇವೆ.

ಇನ್ನೊಂದು ಅಪಾಯ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಖಾಲಿ ಕಂಡ ಜಾಗದಲ್ಲಿ ಸಸಿ ನೆಡುವುದು, ಬೀಜದುಂಡೆ ಎಸೆಯುವುದು. ಹಡ್ಲಿನಲ್ಲಾಗಲಿ ಬೆಟ್ಟದ ನೆತ್ತಿಯಲ್ಲಾಗಲಿ ಹುಲ್ಲು ಇರುವ ಜಾಗ ಖಾಲಿ ಜಾಗವಲ್ಲ. ಸವನ್ನಾದ ಇಂಗಾಲದ ಬಹುಪಾಲು ಬೇರು ಮತ್ತು ಮಣ್ಣಿನಲ್ಲಿ ಇರುತ್ತದೆ, ಬೆಂಕಿ ಬಂದರೂ ಅದು ಅಲ್ಲೇ ಉಳಿಯುತ್ತದೆ. ಅಕೇಶಿಯಾದಂಥ ಮರ ನೆಟ್ಟರೆ ಲೆಕ್ಕದ ಪುಸ್ತಕದಲ್ಲಿ ಕಾಡು ಹೆಚ್ಚಬಹುದು, ಚಿತ್ತಲಕ್ಕೆ ಮೇವು ಕಡಿಮೆಯಾಗುತ್ತದೆ. ಶಾಲೆ, ಕಾಲೇಜುಗಳ ವನಮಹೋತ್ಸವಕ್ಕೆ ರಸ್ತೆಬದಿ, ತೋಟದಂಚು, ಹಾಳಾದ ಹೊಳೆದಂಡೆಗಳಿವೆ. ಮತ್ತಿ, ಹೊನ್ನೆ, ನಂದಿಗಳನ್ನು ಅಲ್ಲಿ ನೆಡೋಣ.

ಕಾಡಿನೊಳಗೆ ಆಗಬೇಕಾದ ಕೆಲಸ ಬಹುಮಟ್ಟಿಗೆ ಕೀಳುವ ಕೆಲಸ. ಲಂಟಾನವನ್ನು ಮೇಲಿನಿಂದ ಕತ್ತರಿಸಿದರೆ ಬುಡದಿಂದ ಇಮ್ಮಡಿಯಾಗಿ ಚಿಗುರುತ್ತದೆ. ಮುಖ್ಯ ಬೇರನ್ನು ಮಣ್ಣಿನಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಗಲು ಬಿಡಬೇಕು ಎಂಬ ವಿಧಾನ ಈಗ ಹಲವೆಡೆ ಬಳಕೆಯಲ್ಲಿದೆ. ಅದಾದ ಮೇಲೆ ಮಣ್ಣಿನಲ್ಲಿ ಉಳಿದ ಬೀಜಗಳಿಂದ ಏಳುವ ಹೊಸ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲೂ ಕೀಳುತ್ತಿರಬೇಕು, ಅಕ್ಕಪಕ್ಕದಿಂದ ಸ್ಥಳೀಯ ಹುಲ್ಲಿನ ಬೀಜ ತಂದು ಚೆಲ್ಲಬೇಕು. ಒಂದು ವರ್ಷದ ಅನುದಾನದಲ್ಲಿ ಕಿತ್ತು, ಮರುವರ್ಷ ಮರೆತ ಜಾಗದಲ್ಲಿ ಲಂಟಾನವೇ ಮರಳುತ್ತದೆ. ಮೂರು ನಾಲ್ಕು ವರ್ಷ ಬಿಡದೆ ನೋಡಿಕೊಂಡ ಜಾಗದಲ್ಲಿ ಮೊದಲು ಗರಿಕೆಯಂಥ ಗಿಡ್ಡ ಹುಲ್ಲು, ಆಮೇಲೆ ಎತ್ತರದ ಹುಲ್ಲು, ಅದರ ಹಿಂದೆ ಚಿತ್ತಲದ ಹಿಕ್ಕೆ ಕಾಣಿಸಿಕೊಳ್ಳುತ್ತದೆ. ಈ ಕೂಲಿಯ ಕೆಲಸಕ್ಕೆ ಹಾಡಿಯ ಜನರಿಗಿಂತ ಬಲ್ಲವರಿಲ್ಲ. ಅವರಿಗೆ ವರ್ಷವಿಡೀ ಸಂಬಳ ಸಿಗುವಂತೆ, ನಾಲ್ಕು ವರ್ಷಕ್ಕೆ ಕಡಿಮೆಯಿಲ್ಲದಂತೆ ಯೋಜನೆ ಬರೆಯಬೇಕೆಂದು ಜಿಲ್ಲೆಯ ಜನಪ್ರತಿನಿಧಿಗಳನ್ನು ಕೊಡಗಿನವರು ಈಗಲೇ ಕೇಳಬೇಕು.